ದಿನಾ ಬಳಸುವ ವಸ್ತು ಸವೆಯುತ್ತಿರುವುದು ಮೊದಲೇ ಗೊತ್ತಾಗುವುದು ಹೇಗೆ?

ಮುಂಜಾವು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಇದು. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ವಸ್ತುಗಳನ್ನು ನಾನು ಜೋಪಾನವಾಗಿಯೇ ಬಳಸುತ್ತೇನೆ. ಬೀಳಿಸುವುದಿಲ್ಲ, ಕುಕ್ಕುವುದಿಲ್ಲ. ಆದರೂ ಈಚೆಗೆ ಒಂದರ ಹಿಂದೆ ಒಂದು ಕೈಕೊಡುತ್ತಿವೆ. ನಲ್ಲಿಯನ್ನು ಮೊದಲು ಎರಡು ಬೆರಳಲ್ಲಿ ತಿರುಗಿಸಿದರೆ ಸಾಕಿತ್ತು. ಈಗ ಮುಷ್ಟಿ ಹಿಡಿದು ಬಿಗಿ ಮಾಡಿದರೂ ತೊಟ್ಟಿಕ್ಕುತ್ತದೆ. ಚಾರ್ಜರ್ ವೈರನ್ನು ಒಂದು ಕಡೆಗೆ ಬಾಗಿಸಿ ಹಿಡಿದರೆ ಮಾತ್ರ ಫೋನ್ ಚಾರ್ಜ್ ಆಗುತ್ತದೆ. ಕನ್ನಡಕ ಎಷ್ಟು ಒರೆಸಿದರೂ ಮಸುಕು, ರಾತ್ರಿ ದೀಪಗಳ ಸುತ್ತ ಬಳೆ ಬಳೆ ಕಾಣುತ್ತದೆ. ಸೈಕಲ್ ತುಳಿಯುವಾಗ ಚೈನ್ ಹಾರುತ್ತಿತ್ತು. ತೋರಿಸಿದರೆ, ಚೈನ್ ಒಂದೇ ಅಲ್ಲ, ಹಲ್ಲಿನ ಚಕ್ರಗಳನ್ನೂ ಬದಲಾಯಿಸಬೇಕು ಅಂದರು.

ನನ್ನನ್ನು ಕಾಡುತ್ತಿರುವುದು ಇಷ್ಟು. ಇವು ಯಾವುವೂ ಒಂದೇ ದಿನದಲ್ಲಿ ಹಾಳಾದವಲ್ಲ. ದಿನಾ ನನ್ನ ಕೈಯಲ್ಲೇ, ಕಣ್ಣೆದುರಿಗೇ ಸವೆಯುತ್ತಿದ್ದವು. ದಿನಾ ನೋಡುವುದರಿಂದಲೇ ಕಾಣುವುದಿಲ್ಲವೋ ಏನೋ. ನೋಡುವುದಾದರೆ ಎಲ್ಲಿ ನೋಡಬೇಕು? ಕೆಲಸ ಕೆಡುವ ಮುಂಚೆ ಏನಾದರೂ ಗುರುತು ಸಿಗುತ್ತದಾ? ಇನ್ನೊಂದು, ಕಡಿಮೆ ಬಳಸಿದರೆ ಜಾಸ್ತಿ ಬಾಳಿಕೆ ಬರುತ್ತದೆ ಅನ್ನುತ್ತಾರಲ್ಲ, ಅದು ನಿಜವಾ?

ದಯವಿಟ್ಟು "ಹೊಸದು ತಗೊಳ್ಳಿ" ಅಂತ ಮಾತ್ರ ಹೇಳಬೇಡಿ. ಇರುವುದನ್ನು ಉಳಿಸಿಕೊಳ್ಳುವ ಆಸೆ ನನ್ನದು.

ಪೆಡಲ್ ಪಯಣಿಗ:

ಸೈಕಲ್ ವಿಷಯ ನಾನು ಹೇಳುತ್ತೇನೆ. ಚೈನಿನ ಸವೆತವನ್ನು ಒಂದು ಸ್ಕೇಲ್ ಇಟ್ಟು ಅಳೆಯಬಹುದು. ಇಷ್ಟು ಸುಲಭವಾಗಿ ಅಳೆಯಲು ಸಿಗುವ ವಸ್ತು ಬೇರೆ ಕಡಿಮೆ.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು. ಚೈನ್ ಸ್ವಲ್ಪ ಬಿಗಿಯಾಗಿ ಇರುವಾಗ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. ಹೊಸ ಚೈನಿನಲ್ಲಿ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಡುವಿಗೇ ಬರುತ್ತದೆ. ಆ ಪಿನ್ ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನ್ ಬದಲಾಯಿಸುವ ಹೊತ್ತು. ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಮಿ.ಮೀ. ಹೋಗಿದ್ದರೆ ಹಲ್ಲುಗಳೂ ಕೆಟ್ಟಿವೆ ಅಂತಲೇ ಲೆಕ್ಕ.

ಚೈನ್ ಎಳೆದು ಎಳೆದು ಉದ್ದವಾಯಿತು ಅಂತ ಜನ ಹೇಳುತ್ತಾರೆ. ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ. ಕೊಂಡಿ ಮಡಚುವ ಕಡೆ ಪಿನ್ ಮತ್ತು ಅದರ ತೂತು ಎರಡೂ ಒಂಚೂರು ತೇಯುತ್ತವೆ. ಇಡೀ ಚೈನಿಗೆ ಅದೆಲ್ಲ ಕೂಡಿ ಉದ್ದವಾಗುತ್ತದೆ. ಆಗ ಚೈನಿನ ಅಳತೆ ಹಲ್ಲಿನ ಅಳತೆಗೆ ಕೂರುವುದಿಲ್ಲ. ಕೂರದ ಚೈನ್ ಹಲ್ಲನ್ನು ತನ್ನ ಅಳತೆಗೆ ತೇಯುತ್ತಾ ಹೋಗುತ್ತದೆ. ಅದಾದ ಮೇಲೆ ಹೊಸ ಚೈನ್ ಹಾಕಿದರೂ ಹಾರುತ್ತದೆ. ನಿಮಗೆ ಎರಡನ್ನೂ ಬದಲಾಯಿಸಿ ಅಂದವರು ಸರಿಯಾಗಿಯೇ ಹೇಳಿದ್ದಾರೆ. ಹೊಸದು ಹಾಕಿಸಿದ ಮೇಲೆ ಆಗಾಗ ಸ್ಕೇಲ್ ಇಟ್ಟು ನೋಡುತ್ತಿರಿ. ಚೈನನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಒಂದೇ ಹಲ್ಲಿನ ಚಕ್ರ ಹಲವು ಚೈನ್ ಕಾಣುತ್ತದೆ.

ಹಳೇ ಫಿಟ್ಟರ್:

ಮುಂಜಾವು ಅವರೇ, ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು ನಾನು. ಯಂತ್ರ ನಿಲ್ಲುವ ಮುಂಚೆ ಸವೆತ ಕಂಡುಹಿಡಿಯುವುದೇ ನನ್ನ ಕೆಲಸವಾಗಿತ್ತು. ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಮುರಿದ ಮೇಲೆ ಕೇಳುವವರೇ ಜಾಸ್ತಿ, ಮುರಿಯುವ ಮುಂಚೆ ಕೇಳುವವರು ಕಡಿಮೆ.

ಪೆಡಲ್ ಪಯಣಿಗ ಹೇಳಿದ ಚೈನಿನ ಕಥೆ ಬರೀ ಚೈನಿನದಲ್ಲ. ಉಜ್ಜುವ ಜಾಗದಲ್ಲಿ ಯಾವಾಗಲೂ ಎರಡು ಭಾಗ ಇರುತ್ತವೆ. ಯೋಚಿಸಿ ಕಟ್ಟಿದ ಯಂತ್ರದಲ್ಲಿ ಅದರಲ್ಲಿ ಒಂದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಅದು ಸವೆಯಲಿ, ಇನ್ನೊಂದು ಉಳಿಯಲಿ ಅಂತ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವರು ತವರ, ಆಂಟಿಮನಿ, ತಾಮ್ರ ಬೆರೆಸಿದ ಒಂದು ಮೆತ್ತನೆಯ ಲೋಹವನ್ನು ಬೇರಿಂಗಿಗೆ, ಅಂದರೆ ತಿರುಗುವ ದಂಡವನ್ನು (ಶಾಫ್ಟ್) ಹೊರುವ ಭಾಗಕ್ಕೆ ತಂದರು. ನಾವು ವೈಟ್ ಮೆಟಲ್ ಅನ್ನುತ್ತಿದ್ದೆವು. ಎಣ್ಣೆಯ ಜೊತೆ ಒಂದು ಗಟ್ಟಿ ಕಣ ಒಳಗೆ ಬಂದರೆ ಅದು ಈ ಮೆತ್ತನೆ ಲೋಹದೊಳಗೆ ಹೂತುಹೋಗುತ್ತದೆ, ಶಾಫ್ಟಿಗೆ ಗೀರು ಬೀಳುವುದು ತಪ್ಪುತ್ತದೆ. ವಿದ್ಯುತ್ ರೈಲಿನ ತಲೆಯ ಮೇಲೆ ತಂತಿಗೆ ತಾಗುವ ಪಟ್ಟಿಯನ್ನು ಇಂಗಾಲದಿಂದ ಮಾಡುವುದೂ ಅದಕ್ಕೇ. ಪಟ್ಟಿ ಬದಲಾಯಿಸುವುದು ಸುಲಭ, ಮೈಲಿಗಟ್ಟಲೆ ತಂತಿ ಬದಲಾಯಿಸುವುದು ಸುಲಭವಲ್ಲ. ಡ್ರಿಲ್ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್, ಗಾಡಿಯ ಬ್ರೇಕ್ ಪ್ಯಾಡ್, ನಿಮ್ಮ ನಲ್ಲಿಯ ವಾಷರ್, ಎಲ್ಲ ಇದೇ ಜಾತಿ.

ಹಾಗಾಗಿ ಯಾವ ವಸ್ತು ಕೈಗೆ ಬಂದರೂ ನಾನು ಮೊದಲು ಹುಡುಕುವುದು, ಇಲ್ಲಿ ಸವೆಯಲಿ ಅಂತ ಇಟ್ಟಿರುವ ಭಾಗ ಯಾವುದು ಅಂತ. ಅದು ಗೊತ್ತಾದರೆ ಎಲ್ಲಿ ನೋಡಬೇಕು ಅನ್ನುವುದೂ ಗೊತ್ತಾಯಿತು. ಅದರ ಕಾಲ ಮುಗಿದ ಮೇಲೂ ಓಡಿಸಿದರೆ ಪಕ್ಕದ ಒಳ್ಳೆ ಭಾಗವನ್ನು ತಿನ್ನಲು ಶುರುಮಾಡುತ್ತದೆ. ಪ್ಯಾಡ್ ಮುಗಿದರೆ ಅದರ ಹಿಂದಿನ ಕಬ್ಬಿಣ ಹೋಗಿ ಡಿಸ್ಕನ್ನು ಕೆರೆಯುತ್ತದೆ. ಕಾರ್ಬನ್ ಬ್ರಷ್ ತೀರಾ ಗಿಡ್ಡವಾದರೆ ಕಿಡಿ ಹಾರಿ, ಅದು ತಾಗಿಕೊಂಡಿರುವ ಮೋಟರಿನ ತಾಮ್ರದ ಉರುಳೆ (ಕಮ್ಯುಟೇಟರ್) ಸುಟ್ಟುಹೋಗುತ್ತದೆ.

ಈಗ ನಲ್ಲಿ. ತಿರುಗಿಸಿ ತಿರುಗಿಸಿ ನಿಲ್ಲಿಸುವ ಹಳೇ ಥರದ್ದಾದರೆ ಒಳಗೆ ರಬ್ಬರ್ ವಾಷರ್ ಇದೆ. ಅದು ಹಿತ್ತಾಳೆಯ ಸೀಟ್ ಮೇಲೆ ಒತ್ತಿ ಕೂತಾಗ ನೀರು ನಿಲ್ಲುತ್ತದೆ. ರಬ್ಬರ್ ಗಟ್ಟಿಯಾಗಿ ಅದರಲ್ಲಿ ಬಳೆಯಾಕಾರದ ಗುಳಿ ಬಿದ್ದಾಗ ಜಾಸ್ತಿ ಒತ್ತಬೇಕಾಗುತ್ತದೆ. ಎರಡು ಬೆರಳಿನ ಕೆಲಸಕ್ಕೆ ಮುಷ್ಟಿ ಬೇಕಾಯಿತಲ್ಲ, ಅದೇ ನಿಮಗೆ ಬೇಕಿದ್ದ ಗುರುತು. ಆ ಹೊತ್ತಿಗೆ ವಾಷರ್ ಒಂದನ್ನೇ ಬದಲಾಯಿಸಿದರೆ ಮುಗಿಯುತ್ತದೆ. ಬಿಗಿ ಮಾಡುತ್ತಾ ತಳ್ಳಿಕೊಂಡು ಹೋದರೆ ಸಣ್ಣ ಸಂದಿನಲ್ಲಿ ನೀರು ಒತ್ತಡದಿಂದ ನುಗ್ಗಿ ಸೀಟಿನಲ್ಲೇ ಕಾಲುವೆ ಕೊರೆಯುತ್ತದೆ. ಬಿಚ್ಚುವ ಮುಂಚೆ ನೀರಿನ ಮೇನ್ ಬಂದ್ ಮಾಡಿ. ಬಿಚ್ಚಿದ ಮೇಲೆ ಸೀಟ್ ಮೇಲೆ ಬೆರಳಾಡಿಸಿ. ನುಣ್ಣಗಿದ್ದರೆ ವಾಷರ್ ಸಾಕು. ತರಚು ಸಿಕ್ಕರೆ ಸೀಟನ್ನೂ ಉಜ್ಜಿ ಸಮ ಮಾಡಿಸಬೇಕು, ಅದಕ್ಕೆ ಬೇರೆ ಉಪಕರಣ ಇದೆ. ಕಾಲು ಸುತ್ತಿಗೇ ನಿಲ್ಲುವ ನಲ್ಲಿಯಾದರೆ ಒಳಗೆ ವಾಷರ್ ಬದಲು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅದನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ, ಒಳಗಿನ ಕಾರ್ಟ್ರಿಜ್ ಬದಲಾಯಿಸಬೇಕು.

ಇನ್ನೊಂದು ವಿಷಯ. ಸವೆತ ಒಂದೇ ವೇಗದಲ್ಲಿ ಸಾಗುವುದಿಲ್ಲ. ಹೊಸದರಲ್ಲಿ ಸ್ವಲ್ಪ ಜಾಸ್ತಿ, ಎರಡು ಮೈ ಒಂದಕ್ಕೊಂದು ಹೊಂದಿಕೊಳ್ಳುವ ತನಕ. ಆಮೇಲೆ ಬಹಳ ಕಾಲ ನಿಧಾನ. ಕೊನೆಗೆ ಸಂದು ದೊಡ್ಡದಾಗಿ, ಜಾರಬೇಕಾದ ಭಾಗಗಳು ಬಡಿದುಕೊಳ್ಳಲು ಶುರುವಾಗುತ್ತದೆ. ಅಲ್ಲಿಂದ ಸವೆತ ಓಡುತ್ತದೆ. ಇದ್ದಕ್ಕಿದ್ದಂತೆ ಕೈಕೊಟ್ಟಿತು ಅಂತ ಜನ ಹೇಳುವುದು ಈ ಕೊನೆಯ ಓಟವನ್ನು ನೋಡಿ. ಅದಕ್ಕೆ ಮುಂಚೆಯೇ ವಸ್ತು ಹೇಳಿರುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಮೊದಲಿಲ್ಲದ ಪ್ಲೇ, ಅಂದರೆ ಸಡಿಲು ಸಿಗುತ್ತದೆ. ಸದ್ದು ಬದಲಾಗುತ್ತದೆ. ಬೆಚ್ಚಗಾಗದಿದ್ದದ್ದು ಬೆಚ್ಚಗಾಗುತ್ತದೆ. ನಾನು ಎಲ್ಲಕ್ಕಿಂತ ನಂಬುವುದು ಪುಡಿಯನ್ನು. ಬಾಗಿಲಿನ ಕೀಲಿನ ಕೆಳಗೆ ಕಪ್ಪು ಪುಡಿ ಇದ್ದರೆ ಒಳಗೆ ಲೋಹ ತೇಯುತ್ತಿದೆ. ಬಿಗಿಯಾಗಿರಬೇಕಾದ ಬೋಲ್ಟಿನ ಸುತ್ತ ನೀರೇ ಬೀಳದಿದ್ದರೂ ಕೆಂಪು ಕಂದು ಪುಡಿ ಕಂಡರೆ, ಆ ಬೋಲ್ಟ್ ಕಣ್ಣಿಗೆ ಕಾಣದಷ್ಟು ಅಲ್ಲಾಡುತ್ತಿದೆ. ಒರೆಸಿಬಿಡುವ ಮುಂಚೆ ಒಮ್ಮೆ ಆ ಪುಡಿ ಎಲ್ಲಿಂದ ಬಂತು ಅಂತ ನೋಡಿ. ನಿಮ್ಮ ದೊಡ್ಡ ಪ್ರಶ್ನೆಗೆ ನನ್ನ ಹತ್ತಿರ ಇರುವ ಒಳ್ಳೆಯ ಉತ್ತರ ಇದೇ.

ಮುಂಜಾವು:

ಫಿಟ್ಟರ್ ಸರ್, ಇದನ್ನು ಎರಡು ಸಲ ಓದಿದೆ. ಬಾಗಿಲಿನ ಕೀಲಿನ ಕೆಳಗೆ ಪುಡಿ ಇದೆ. ಧೂಳು ಅಂತ ದಿನಾ ಗುಡಿಸುತ್ತಿದ್ದೆ.

ಚಾರ್ಜರ್ ವೈರಿನಲ್ಲಿ ಮಾತ್ರ ಉಜ್ಜುವ ಭಾಗವೇ ಇಲ್ಲವಲ್ಲ? ಅದು ಯಾಕೆ ಕೆಡುತ್ತದೆ?

ಹಳೇ ಫಿಟ್ಟರ್:

ಅದು ಸವೆತವಲ್ಲ, ದಣಿವು. ಲೋಹವೂ ದಣಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಚಕ್ರದ ಅಚ್ಚುಗಳು ಭಾರ ಜಾಸ್ತಿಯಾಗದಿದ್ದರೂ ಮುರಿಯುತ್ತಿದ್ದವು. ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರ್ 1850 ಮತ್ತು 60ರ ದಶಕಗಳಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಒಂದೇ ಸಲ ಹಾಕಿದರೆ ಏನೂ ಆಗದಷ್ಟು ಸಣ್ಣ ಭಾರವನ್ನು ಮತ್ತೆ ಮತ್ತೆ ಹಾಕಿ ತೆಗೆದರೆ ಲೋಹದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಕೊನೆಗೆ ತುಂಡಾಗುತ್ತದೆ.

ನಿಮ್ಮ ವೈರು ಎಲ್ಲಿ ಕೆಟ್ಟಿದೆ ಅಂತ ನೋಡದೆಯೇ ಹೇಳಬಲ್ಲೆ. ಪ್ಲಗ್ಗಿನ ಕುತ್ತಿಗೆಯ ಹತ್ತಿರ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಎಲ್ಲ ಬಾಗುವಿಕೆಯೂ ಆ ಒಂದು ಬೆರಳಗಲ ಜಾಗದಲ್ಲಿ ಬೀಳುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನ ಪ್ಲಾಸ್ಟಿಕ್ ಸುಕ್ಕಾಗುವುದು, ಬಣ್ಣ ಬಿಳಿಚುವುದು ಮೊದಲ ಗುರುತು. ಎಳೆಯುವಾಗ ವೈರು ಹಿಡಿಯಬೇಡಿ, ಪ್ಲಗ್ಗಿನ ತಲೆಯನ್ನೇ ಹಿಡಿದು ಎಳೆಯಿರಿ. ಚಾರ್ಜ್ ಆಗುವಾಗ ಫೋನನ್ನು ಎದೆಗೆ ಒತ್ತಿಟ್ಟುಕೊಂಡು ವೈರನ್ನು ಮಡಚಬೇಡಿ. ಸುತ್ತಿ ಇಡುವಾಗ ಸಡಿಲವಾಗಿ ದೊಡ್ಡ ಸುತ್ತು ಹಾಕಿ.

ಆ ವೈರನ್ನು ಬಾಗಿಸಿ ಬಾಗಿಸಿ ಬಳಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಉಳಿದ ಕೆಲವೇ ಎಳೆಗಳಲ್ಲಿ ಅಷ್ಟೂ ಕರೆಂಟ್ ಹರಿದು ಆ ಜಾಗ ಬಿಸಿಯಾಗುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಬೇಕು ಅನ್ನುವವನು ನಾನು, ಆದರೆ ಕರೆಂಟ್ ಹರಿಯುವುದರಲ್ಲಿ ಹಾಗಲ್ಲ.

ಕಣ್ಣಳತೆ:

ಕನ್ನಡಕ ಮಾಡುವ ಕೆಲಸ ನನ್ನದು, ಅದರ ಬಗ್ಗೆ ಎರಡು ಮಾತು. ಒಣ ಬಟ್ಟೆಯಲ್ಲಿ, ಅದರಲ್ಲೂ ಹಾಕಿಕೊಂಡ ಅಂಗಿಯ ಚುಂಗಿನಲ್ಲಿ ಒರೆಸುವುದೇ ಲೆನ್ಸಿಗೆ ದೊಡ್ಡ ಶತ್ರು. ಬಟ್ಟೆ ಗೀರು ಹಾಕುವುದಿಲ್ಲ, ಮಧ್ಯೆ ಸಿಕ್ಕ ಧೂಳು ಹಾಕುತ್ತದೆ. ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತದೆ, ಅಂದರೆ ಸ್ಫಟಿಕಶಿಲೆ. ಗಡಸುತನದ ಮೋಸ್ ಅಳತೆಯಲ್ಲಿ ಅದು 7, ಮಾಮೂಲಿ ಗಾಜು ಸುಮಾರು ಐದೂವರೆ. ಈಗಿನ ಪ್ಲಾಸ್ಟಿಕ್ ಲೆನ್ಸ್ ಗಾಜಿಗಿಂತ ಎಷ್ಟೋ ಮೆತ್ತಗೆ, ಮೇಲಿನ ಕೋಟಿಂಗ್ ಒಂದೇ ಅದಕ್ಕೆ ರಕ್ಷಣೆ.

ಮೊದಲು ನಲ್ಲಿ ನೀರಿನಲ್ಲಿ ಹಿಡಿದು ಧೂಳು ಹೋಗಲು ಬಿಡಿ. ಒಂದು ಹನಿ ಸೌಮ್ಯ ಸೋಪಿನ ದ್ರವ ಹಾಕಿ ಬೆರಳ ತುದಿಯಲ್ಲೇ ತೊಳೆಯಿರಿ. ಆಮೇಲೆ ಶುದ್ಧ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಆ ಬಟ್ಟೆಯನ್ನೂ ಆಗಾಗ ಒಗೆಯಬೇಕು. ಬಿಸಿನೀರು ಬೇಡ. ಬಿಸಿಗೆ ಲೆನ್ಸ್ ಹಿಗ್ಗುವಷ್ಟು ಕೋಟಿಂಗ್ ಹಿಗ್ಗುವುದಿಲ್ಲ, ಬಲೆಯ ಹಾಗೆ ಬಿರುಕು ಬಿಡುತ್ತದೆ. ನಿಮ್ಮ ಲೆನ್ಸಿನ ಮಸುಕು ಹೀಗೆ ತೊಳೆದರೂ ಹೋಗದಿದ್ದರೆ ಅದು ಗೀರು ಇಲ್ಲವೇ ಕೋಟಿಂಗಿನ ಬಿರುಕು. ಉಜ್ಜಿ ಸರಿಮಾಡುತ್ತೇವೆ ಅನ್ನುವವರ ಮಾತು ಕೇಳಬೇಡಿ, ಲೆನ್ಸಿನ ಪವರ್ ಕೆಡುತ್ತದೆ. ಫ್ರೇಮ್ ಗಟ್ಟಿಯಾಗಿದ್ದರೆ ಅದನ್ನೇ ಇಟ್ಟುಕೊಂಡು ಲೆನ್ಸ್ ಮಾತ್ರ ಹಾಕಿಸಬಹುದು.

ಸೂಜಿ ದಾರ:

ಬಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೊಲಿಗೆಯವಳು, ಸವೆತದ ಜೊತೆಗೇ ನನ್ನ ಬದುಕು.

ವಾಷಿಂಗ್ ಮೆಷಿನ್ನಿನ ಜಾಲರಿಯಲ್ಲಿ ಸಿಗುವ ನಾರನ್ನು ಎಲ್ಲರೂ ಕಸ ಅಂತ ಎಸೆಯುತ್ತಾರೆ. ಅದು ನಿಮ್ಮ ಬಟ್ಟೆಯೇ. ಫಿಟ್ಟರ್ ಸರ್ ಹೇಳಿದ ಪುಡಿ ಇದ್ದ ಹಾಗೆ ಇದು. ಜಿಪ್ ಹಾಕಿ, ಒಳಮಗ್ಗುಲು ಹೊರಗೆ ಮಾಡಿ ಒಗೆದರೆ ಕಡಿಮೆ ಬರುತ್ತದೆ.

ಬಟ್ಟೆ ಹರಿಯುವ ಮುಂಚೆ ತೆಳ್ಳಗಾಗುತ್ತದೆ. ತಿಂಗಳಿಗೊಮ್ಮೆ ದಿನಾ ಹಾಕುವ ಪ್ಯಾಂಟು, ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ತೊಡೆಯ ಒಳಮಗ್ಗುಲು, ಮೊಣಕೈ, ಕಾಲರಿನ ಮಡಿಕೆ, ಇಷ್ಟೇ ಜಾಗ. ಬೆಳಕು ಜಾಸ್ತಿ ತೂರಿ ಬರುವ ಕಡೆ ಒಳಗಿನಿಂದ ತೆಳು ಬಟ್ಟೆ ಇಟ್ಟು ಸಣ್ಣ ಹೊಲಿಗೆ ಓಡಿಸಿದರೆ ಹೊರಗೆ ಅಷ್ಟಾಗಿ ಕಾಣುವುದಿಲ್ಲ, ಬಹಳ ಕಾಲ ನಿಲ್ಲುತ್ತದೆ. ತೂತು ಬಿದ್ದ ಮೇಲೆ ತಂದರೆ ತೇಪೆ ಕಾಣುತ್ತದೆ. ಜನ ತೂತು ಬಿದ್ದ ಮೇಲೆಯೇ ತರುತ್ತಾರೆ. ಹೊಟ್ಟೆ ಉರಿಯುತ್ತದೆ ನನಗೆ, ಅಷ್ಟು ಒಳ್ಳೆ ಬಟ್ಟೆ ಇರುತ್ತದೆ.

ಜಿಪ್ ಹಾಕಿದರೂ ಹಿಂದೆ ಬಿಚ್ಚಿಕೊಳ್ಳುತ್ತಿದ್ದರೆ ಇಡೀ ಜಿಪ್ ಕೀಳಿಸಬೇಡಿ. ಹಲ್ಲು ಸರಿಯಾಗಿಯೇ ಇರುತ್ತವೆ, ಅವುಗಳ ಮೇಲೆ ಓಡುವ ರನ್ನರ್ ಬಾಯಿ ಅಗಲವಾಗಿರುತ್ತದೆ. ಸಣ್ಣ ಇಕ್ಕಳದಲ್ಲಿ ರನ್ನರಿನ ಹಿಂಬದಿಯ ಎರಡು ಅಂಚನ್ನೂ ಒಂಚೂರು ಒಂಚೂರೇ ಒತ್ತಿ, ಪ್ರತಿ ಸಲ ಎಳೆದು ನೋಡಿ. ಜೋರಾಗಿ ಒತ್ತಿದರೆ ಮುರಿಯುತ್ತದೆ. ಇದೂ ಸರ್ ಹೇಳಿದ್ದೇ ಅಲ್ವಾ? ಸವೆದದ್ದು ಸಣ್ಣ ಭಾಗ, ಎಸೆಯುವುದು ಇಡೀದನ್ನು.

ಸರ್, ನನಗೊಂದು ಪ್ರಶ್ನೆ. ಬಟ್ಟೆ ಮೆತ್ತಗೆ, ಕತ್ತರಿ ಉಕ್ಕು. ಆದರೂ ಕತ್ತರಿ ಯಾಕೆ ಮೊಂಡಾಗುತ್ತದೆ?

ಹಳೇ ಫಿಟ್ಟರ್:

ಒಳ್ಳೆ ಪ್ರಶ್ನೆ ಕೇಳಿದಿರಿ. ಜಾನ್ ಆರ್ಚರ್ಡ್ ಎಂಬುವರು 1953ರಲ್ಲಿ ಸವೆತಕ್ಕೆ ಒಂದು ಲೆಕ್ಕ ಕೊಟ್ಟರು. ಭಾರ ಜಾಸ್ತಿಯಾದಷ್ಟೂ, ಜಾರಿದ ದೂರ ಜಾಸ್ತಿಯಾದಷ್ಟೂ ಸವೆತ ಜಾಸ್ತಿ. ಲೋಹ ಗಡಸಾದಷ್ಟೂ ಕಡಿಮೆ. ಗಮನಿಸಿ, ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ.

ಅಲಗಿನ ತುದಿಯಲ್ಲಿ ಇರುವ ಉಕ್ಕು ತುಂಬಾ ತೆಳು, ಅದರ ಕಥೆ ಇನ್ನೂ ಬೇರೆ. 2020ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ಸಂಶೋಧಕರು ಗಡ್ಡ ಹೆರೆಯುವ ಬ್ಲೇಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಕೂದಲು ಓರೆಯಾಗಿ ಬಾಗಿ ಒತ್ತಿದಾಗ ಅಲಗಿನ ದುರ್ಬಲ ಜಾಗದಲ್ಲಿ ಸಣ್ಣ ಚೂರು ಹಾರಿಹೋಗುತ್ತಿತ್ತು. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಲು ನೀವು ಬಿಡುವುದಿಲ್ಲ ಅಲ್ವಾ? ಅದಕ್ಕೂ ಕಾರಣ ಇದೆ. ಕಾಗದ ನುಣುಪಾಗಲಿ ಅಂತ ಜೇಡಿ, ಸುಣ್ಣದಂಥ ಖನಿಜದ ಪುಡಿ ಬೆರೆಸಿರುತ್ತಾರೆ. ಅಲಗಿಗೆ ಅದು ಹಿತವಲ್ಲ.

ಬ್ಯಾಟರಿ ಬಾಬು:

ಮುಂಜಾವು ಅವರ ಕೊನೆಯ ಪ್ರಶ್ನೆ ಹಾಗೇ ಉಳಿಯಿತು. ಕಡಿಮೆ ಬಳಸಿದರೆ ಜಾಸ್ತಿ ಬಾಳುತ್ತದೆ ಅನ್ನುವುದು ಎಲ್ಲದಕ್ಕೂ ನಿಜವಲ್ಲ. ಫೋನಿನ ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ಹಳೆಯದಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿ ಇರುವ ಕಡೆ ಇಟ್ಟರೆ ಬೇಗ. ಬಳಸದ ಫೋನನ್ನು ಸುಮಾರು ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿಡಿ. ಪಾಲಿಯುರೆಥೇನ್ ಅಟ್ಟೆಯ ಶೂಗಳೂ ಹಾಗೇ. ಜೋಪಾನ ಅಂತ ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟರೆ ಗಾಳಿಯ ತೇವಕ್ಕೇ ಅಟ್ಟೆ ಪುಡಿಯಾಗುತ್ತದೆ. ಅಂಥವನ್ನು ಹಾಕಿ ಓಡಾಡುವುದೇ ಸರಿ.

ನನ್ನದು ಒಂದೇ ಸಲಹೆ. ಎಲ್ಲಕ್ಕೂ ಆಗಾಗ ಎಣ್ಣೆ ಬಿಡಿ, ಅರ್ಧ ತೊಂದರೆ ತಪ್ಪುತ್ತದೆ.

ಹಳೇ ಫಿಟ್ಟರ್:

ಬಾಬು ಅವರೇ, ಬ್ಯಾಟರಿಯ ಮಾತು ಒಪ್ಪಿದೆ. ಎಣ್ಣೆಯ ಮಾತು ಹಾಗೇ ಒಪ್ಪಲಾರೆ. ಕೊಳೆಯ ಮೇಲೆ ಎಣ್ಣೆ ಬಿಟ್ಟರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ. ಲೋಹಕ್ಕೆ ಹೊಳಪು ಕೊಡಲು ನಾವು ಬೇಕೆಂದೇ ಮಾಡಿಕೊಳ್ಳುತ್ತಿದ್ದ ಪೇಸ್ಟ್ ಅದೇ, ಎಣ್ಣೆಯಲ್ಲಿ ಕಲಸಿದ ಗಟ್ಟಿ ಪುಡಿ. ಸೈಕಲ್ ಚೈನಿಗೆ ಮೊದಲು ಬಟ್ಟೆ ಹಿಡಿದು ಕೊಳೆ ತೆಗೆಯಿರಿ. ಆಮೇಲೆ ಒಂದೊಂದು ಕೊಂಡಿಗೆ ಒಂದು ಹನಿ. ಸ್ವಲ್ಪ ತಿರುಗಿಸಿ, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಿರುವುದು ಪಿನ್ನಿನ ಒಳಗೆ, ಹೊರಗಲ್ಲ.

ಬಾಗಿಲಿನ ಕೀಲಿಗೂ ಹಾಗೇ. ಆಗುವುದಾದರೆ ಕೀಲಿನ ಪಿನ್ ಎಬ್ಬಿಸಿ, ಕಪ್ಪು ಪುಡಿ ಒರೆಸಿ, ಸ್ವಲ್ಪ ಗ್ರೀಸ್ ಸವರಿ ಮತ್ತೆ ಇಳಿಸಿ. ಒಂದೊಂದೇ ಕೀಲು ಮಾಡಿ, ಬಾಗಿಲಿನ ಅಡಿಗೆ ಆಸರೆ ಕೊಟ್ಟಿರಿ. ಬೀಗದ ಒಳಗೆ ಎಣ್ಣೆ ಬೇಡವೇ ಬೇಡ. ಧೂಳು ಹಿಡಿದು ಕಾಲಕ್ರಮೇಣ ಒಳಗಿನ ಸಣ್ಣ ಪಿನ್ನುಗಳು ಅಂಟಿಕೊಳ್ಳುತ್ತವೆ. ಅದಕ್ಕೆ ಗ್ರಾಫೈಟ್ ಪುಡಿ ಸರಿ. ಅದು ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ಲನ್ನು ಕೀಲಿಕೈಯ ಹಲ್ಲುಗಳ ಮೇಲೆ ಚೆನ್ನಾಗಿ ತಿಕ್ಕಿ, ಬೀಗದೊಳಗೆ ಹಾಕಿ ತೆಗೆದು ಮಾಡಿ.

ಸೂಜಿ ದಾರ:

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವರು ಇನ್ನೊಂದು ನೆನಪಿಡಿ. ಮೊದಲು ಬಟ್ಟೆಯನ್ನು ಮುಂದಕ್ಕೆ ಸರಿಸುವ ಹಲ್ಲುಪಟ್ಟಿಯ ಕೆಳಗೆ ಕೂತ ನಾರನ್ನು ಬ್ರಷ್ಷಿನಲ್ಲಿ ತೆಗೆಯಿರಿ, ಆಮೇಲೆ ಎಣ್ಣೆ. ಎಣ್ಣೆ ಬಿಟ್ಟ ಮೇಲೆ ಹಳೇ ಬಟ್ಟೆಯ ತುಂಡಿನ ಮೇಲೆ ಸ್ವಲ್ಪ ಹೊತ್ತು ಓಡಿಸಿ, ಕಲೆ ಬೀಳುವುದು ನಿಂತ ಮೇಲೆ ಒಳ್ಳೆ ಬಟ್ಟೆ ಇಡಿ. ಹೊಲಿಯುವಾಗ ಟಪ್ ಟಪ್ ಅಂತ ಸದ್ದು ಬಂದರೆ ಎಣ್ಣೆಯ ತೊಂದರೆ ಅಲ್ಲ, ಸೂಜಿ ಮೊಂಡಾಗಿದೆ. ಸೂಜಿಯ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬಿದ್ದರೆ ತುದಿ ಮಡಚಿದೆ ಅಂತ, ಬದಲಾಯಿಸಿ.